ಅಂಗಳದ ಕಪ್ಪೆಗೆ ಗಾಯವಾದಾಗ

ಮಳೆಗಾಲದ ಆಗಮನವನ್ನು ಮೊದಲು ಸಾರುವವು ಕಪ್ಪೆಗಳು. ಮುಂಬಯಿ, ಪುಣೆ ಮತ್ತು ಹೈದರಾಬಾದುಗಳಲ್ಲಿ ಜೂನ್ ತಿಂಗಳಿನಿಂದ, ದೆಹಲಿಯಲ್ಲಿ ಜೂನ್ ಕೊನೆ ಅಥವಾ ಜುಲೈ ತಿಂಗಳಿನಿಂದ, ಚೆನ್ನೈಯಲ್ಲಿ ಈಶಾನ್ಯ ಮಾರುತದ ಮಳೆ ಸುರಿಯುವ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅವುಗಳ ಸಂಚಾರ ಹೆಚ್ಚು. ಕೆರೆಕುಂಟೆಗಳು ಕಡಮೆಯಾಗಿರುವ ಮಹಾನಗರಗಳಲ್ಲಿ ವಸತಿ ಸಮುಚ್ಚಯಗಳ ತೋಟ, ಹೂಕುಂಡಗಳ ಸಾಲು, ಶಾಲೆಯ ಆವರಣ ಮತ್ತು ಮನೆಯ ಹಿತ್ತಿಲುಗಳೇ ಇವುಗಳ ಆಶ್ರಯಸ್ಥಾನಗಳಾಗಿವೆ. ಮನುಷ್ಯನ ಕೆಲಸಕಾರ್ಯಗಳು ನಡೆಯುವುದೂ ಅಲ್ಲಿಯೇ. ಹುಲ್ಲು ಕತ್ತರಿಸುವ ಯಂತ್ರ, ಗುದ್ದಲಿ, ವಾಹನದ ಗಾಲಿ, ಸಾಕುಬೆಕ್ಕು, ನೆಲಕ್ಕೆ ಸುರಿಯುವ ಫಿನಾಯಿಲ್ ಮುಂತಾದವುಗಳಿಂದ ಕಪ್ಪೆಗಳಿಗೆ ಪೆಟ್ಟಾಗುವುದು ಸಾಮಾನ್ಯ.

ಗಾಯಗೊಂಡ ಹಕ್ಕಿಯನ್ನಾಗಲಿ ನಾಯಿಮರಿಯನ್ನಾಗಲಿ ಕಂಡರೆ ಏನು ಮಾಡಬೇಕೆಂದು ಬಹುಮಂದಿಗೆ ಸ್ಥೂಲವಾಗಿ ತಿಳಿದಿರುತ್ತದೆ. ಕಪ್ಪೆಯ ವಿಷಯದಲ್ಲಿ ಹಾಗಿಲ್ಲ. ಕೆಲವರು ಅಸಹ್ಯದಿಂದ ದೂರ ಸರಿಯುತ್ತಾರೆ. ಮತ್ತೆ ಕೆಲವರು ಕರುಣೆಯಿಂದ ಎತ್ತಿಕೊಂಡು ಅರಿಶಿನ ಹಚ್ಚುತ್ತಾರೆ, ಬಕೆಟ್ಟಿನ ನೀರಿನಲ್ಲಿ ಬಿಡುತ್ತಾರೆ, ಬಾಯಿಗೆ ಹಾಲು ಹನಿಸುತ್ತಾರೆ. ಮೊದಲನೆಯವರ ನಿರ್ಲಕ್ಷ್ಯಕ್ಕಿಂತ ಎರಡನೆಯವರ ಉಪಚಾರವೇ ಎಷ್ಟೋ ವೇಳೆ ಆ ಜೀವಿಗೆ ಹೆಚ್ಚು ಅಪಾಯಕರ. ಮನುಷ್ಯನಿಗೆ ಹಿತವಾದುದೆಲ್ಲ ಕಪ್ಪೆಗೆ ಹಿತವಲ್ಲ. ಇದಕ್ಕೆ ಕಾರಣ ಅದರ ಚರ್ಮದಲ್ಲಿದೆ.

ಚರ್ಮವೇ ಜೀವಾಧಾರ

ಕಪ್ಪೆಯು ಉಭಯವಾಸಿ ವರ್ಗಕ್ಕೆ ಸೇರಿದ ಪ್ರಾಣಿ. ಅದಕ್ಕೆ ಶ್ವಾಸಕೋಶಗಳಿವೆಯಾದರೂ ಉಸಿರಾಟದ ಒಂದು ಪಾಲು ಚರ್ಮದ ಮೂಲಕವೇ ನಡೆಯುತ್ತದೆ. ಚರ್ಮವು ತೇವವಾಗಿದ್ದರೆ ಮಾತ್ರ ಗಾಳಿಯಲ್ಲಿನ ಆಮ್ಲಜನಕವು ಅದರಲ್ಲಿ ಕರಗಿ ರಕ್ತವನ್ನು ಸೇರಬಲ್ಲದು. ಕಪ್ಪೆಯು ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ ಮತ್ತು ತೊಡೆಗಳ ತೆಳುಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕುಳಿತು ನೀರನ್ನು ಹೀರಿಕೊಳ್ಳುತ್ತದೆ. ಹೀಗೆ ನೀರನ್ನೂ ಗಾಳಿಯನ್ನೂ ಒಳಬಿಡುವ ಚರ್ಮವು ಉಪ್ಪು, ಸಾಬೂನು, ಕ್ಲೋರಿನ್, ಕೀಟನಾಶಕ ಮತ್ತು ಮುಲಾಮುಗಳನ್ನು ತಡೆಯಲಾರದು. ಮನುಷ್ಯನ ಅಂಗೈಗೆ ಅಂಟಿದ ಬೆವರು, ಎಣ್ಣೆ, ಸುಗಂಧದ್ರವ್ಯಗಳ ಅಂಶವೂ ಅದರ ದೇಹವನ್ನು ಪ್ರವೇಶಿಸಬಹುದು.

ಇನ್ನೊಂದು ಸಂಗತಿಯೂ ಗಮನಾರ್ಹ. ಮನುಷ್ಯನಲ್ಲಿರುವಂತೆ ಕಪ್ಪೆಯಲ್ಲಿ ಒಳ ಅಂಗಗಳನ್ನು ರಕ್ಷಿಸುವ ಪಕ್ಕೆಲುಬುಗಳ ಗೂಡು ಇಲ್ಲ. ಗಂಟಲಿನ ತಳವನ್ನು ಮೇಲೆ ಕೆಳಗೆ ಆಡಿಸಿ ಅದು ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಆದುದರಿಂದ ಕಪ್ಪೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಒಳ ಅಂಗಗಳಿಗೆ ಪೆಟ್ಟಾಗುವ ಸಂಭವವಿದೆ. ಬಲವಂತವಾಗಿ ಬಾಯಿ ತೆರೆಸಿ ಹಿಡಿದರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಮುಂದೆ ಹೇಳಲಾಗುವ ಎಲ್ಲ ಸೂಚನೆಗಳಿಗೂ ಈ ಎರಡು ಸಂಗತಿಗಳೇ ತಳಹದಿ.

ಅಂಗಳಕ್ಕೆ ಬರುವ ಕಪ್ಪೆಗಳು

ಭಾರತದಲ್ಲಿ 400ಕ್ಕೂ ಹೆಚ್ಚು ಬಗೆಯ ಉಭಯವಾಸಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಮನೆಯ ಸುತ್ತಮುತ್ತ ಕಾಣಸಿಗುವವು ಕೆಲವು ಮಾತ್ರ. ಎಲ್ಲಕ್ಕಿಂತ ಸಾಮಾನ್ಯವಾದುದು ನೆಲಗಪ್ಪೆ. ಇದರ ಮೈ ಒರಟು, ತುಂಬ ಗಂಟುಗಳು, ತಲೆಯ ಮೇಲೆ ಕಪ್ಪು ಏಣುಗಳು, ಕಣ್ಣುಗಳ ಹಿಂದೆ ಉಬ್ಬಿದ ಎರಡು ಗ್ರಂಥಿಗಳು. ನೀರಿನಿಂದ ದೂರವಿರುವ ತೋಟಗಳಲ್ಲಿಯೂ ಇದು ಬದುಕಬಲ್ಲದು. ಸಂಜೆಯಾದ ಮೇಲೆ ದೀಪದ ಕೆಳಗೆ ಕುಳಿತು ಇರುವೆ, ಗೆದ್ದಲು, ಜೀರುಂಡೆಗಳನ್ನು ತಿನ್ನುತ್ತದೆ. ಎರಡನೆಯದು ಮರಗಪ್ಪೆ. ಬೆರಳುಗಳ ತುದಿಯಲ್ಲಿನ ಅಗಲವಾದ ಬಿಲ್ಲೆಗಳ ನೆರವಿನಿಂದ ಗೋಡೆಯನ್ನೂ ಏರಬಲ್ಲ ಇದು ಬೇಸಿಗೆಯಲ್ಲಿ ತಂಪನ್ನರಸಿ ಸ್ನಾನದ ಮನೆಗೆ ಬರುವುದುಂಟು. ಮೂರನೆಯದು, ನೀರಿರುವ ಕಡೆ ವಾಸಿಸುವ ದೊಡ್ಡ ಗಾತ್ರದ ಹಸಿರು ಕಪ್ಪೆ. ಮಳೆ ಬಿದ್ದೊಡನೆ ಇದರ ಗಂಡು ಹಳದಿ ಬಣ್ಣ ತಾಳುತ್ತದೆ, ಅದರ ಗಂಟಲಿನ ಇಕ್ಕೆಲಗಳ ಚೀಲಗಳು ನೀಲಿಯಾಗುತ್ತವೆ.

ನೆಲಗಪ್ಪೆಯನ್ನು ಮುಟ್ಟಿದರೆ ಕೈಯಲ್ಲಿ ನರುಳ್ಳೆಗಳು ಏಳುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ. ನರುಳ್ಳೆ ಏಳುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಒಂದು ವೈರಾಣುವಿನಿಂದ. ಆದರೆ ಅದರ ಕಣ್ಣುಗಳ ಹಿಂದಿನ ಗ್ರಂಥಿಗಳಲ್ಲಿ ಹಾಲಿನಂಥ ವಿಷದ್ರವವಿರುವುದು ನಿಜ. ಅದು ಶತ್ರುವಿನ ಬಾಯಿಂದ ತಪ್ಪಿಸಿಕೊಳ್ಳಲು ಪ್ರಕೃತಿ ಒದಗಿಸಿದ ಸಾಧನ. ಕಪ್ಪೆಯು ಅದನ್ನು ಯಾರ ಮೇಲೂ ಬೇಕೆಂದು ಎರಚುವುದಿಲ್ಲ. ಕೈಗೆ ತಾಗಿದರೆ ತೊಳೆದುಕೊಂಡರೆ ಸಾಕು. ಕಣ್ಣಿಗೋ ಬಾಯಿಗೋ ತಾಗಿದರೆ ಉರಿಯುತ್ತದೆ, ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಬೇಕು.

ಪೆಟ್ಟಾಗಿರುವುದು ನಿಜವೇ?

ಚಿಕಿತ್ಸೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕಪ್ಪೆಯ ಸಹಜ ನಡವಳಿಕೆಗಳು ಕೆಲವು ನೋಡುವವರಿಗೆ ರೋಗದಂತೆಯೋ ಸಾವಿನಂತೆಯೋ ತೋರುತ್ತವೆ.

ಬೇಸಿಗೆಯಲ್ಲಿ ಮಣ್ಣು ಅಗೆಯುವಾಗ ಇಲ್ಲವೆ ಹೂಕುಂಡದ ಮಣ್ಣು ಬದಲಾಯಿಸುವಾಗ ನಿಶ್ಚಲವಾಗಿ ಮುದುಡಿ ಕುಳಿತ ಕಪ್ಪೆ ಸಿಗಬಹುದು. ಅದು ಸತ್ತಿರುವುದಿಲ್ಲ, ಮಳೆ ಬರುವವರೆಗೆ ಭೂಮಿಯೊಳಗೆ ವಿಶ್ರಾಂತಿಯಲ್ಲಿರುತ್ತದೆ. ದೆಹಲಿಯಂಥ ಕಡೆ ಚಳಿಗಾಲದಲ್ಲಿಯೂ ಹೀಗೆ ಅಡಗಿರುತ್ತದೆ. ಗಾಯವಿಲ್ಲದಿದ್ದರೆ ಹತ್ತಿರದಲ್ಲಿಯೇ ನೆರಳಿರುವೆಡೆ ಸಡಿಲವಾದ ತೇವದ ಮಣ್ಣಿನಲ್ಲಿ ಗುಳಿ ಮಾಡಿ ಇರಿಸಿ, ಮೇಲೆ ಹಗುರವಾಗಿ ಮಣ್ಣೂ ಒಣ ಎಲೆಗಳೂ ಮುಚ್ಚುವಂತೆ ಮಾಡಿದರೆ ಸಾಕು.

ಕಪ್ಪೆಯು ಆಗಾಗ ಪೊರೆ ಕಳಚುತ್ತದೆ. ಆಗ ಅದು ಬೆನ್ನು ಬಾಗಿಸಿ, ಬಾಯಿ ತೆರೆದು ಮುಚ್ಚಿ, ಕಾಲುಗಳಿಂದ ಮೈ ಉಜ್ಜಿ, ಕಳಚಿದ ಪೊರೆಯನ್ನು ತಾನೇ ನುಂಗುತ್ತದೆ. ಇದು ಸಂಕಟದ ಲಕ್ಷಣವಲ್ಲ. ಹೆದರಿದ ನೆಲಗಪ್ಪೆ ಗಾಳಿ ತುಂಬಿಕೊಂಡು ಉಬ್ಬುವುದು, ಎತ್ತಿಕೊಂಡಾಗ ಮೂತ್ರ ವಿಸರ್ಜಿಸುವುದು ಆತ್ಮರಕ್ಷಣೆಯ ಕ್ರಮಗಳು. ಮಳೆಗಾಲದಲ್ಲಿ ಒಂದರ ಬೆನ್ನ ಮೇಲೆ ಇನ್ನೊಂದು ಬಿಗಿಯಾಗಿ ಅಪ್ಪಿ ಕುಳಿತಿದ್ದರೆ ಅವು ಸಂತಾನೋತ್ಪತ್ತಿಯಲ್ಲಿ ತೊಡಗಿರುವ ಜೋಡಿ. ಅವುಗಳನ್ನು ಬಿಡಿಸಲು ಯತ್ನಿಸಬಾರದು. ಮರಗಪ್ಪೆಯು ಹಗಲಿಡೀ ಕೈಕಾಲು ಮಡಿಚಿ ಬಣ್ಣಗೆಟ್ಟಂತೆ ಗೋಡೆಗಂಟಿ ಕುಳಿತಿರುವುದೂ ಸಹಜವೇ.

ಮುಂದೆ ಹೇಳುವ ಚಿಹ್ನೆಗಳು ಕಂಡಾಗ ಮಾತ್ರ ನೆರವು ಅಗತ್ಯ: ತೆರೆದ ಗಾಯ, ರಕ್ತಸ್ರಾವ, ಸೊಟ್ಟಗೆ ಜೋತುಬಿದ್ದ ಕಾಲು, ಹೊರಬಂದ ಒಳ ಅಂಗ, ಗಾಯದಲ್ಲಿ ಹುಳುಗಳು, ಒಣಗಿ ಧೂಳು ಮೆತ್ತಿಕೊಂಡ ಮೈ, ಮಗುಚಿ ಬಿದ್ದರೆ ತಾನಾಗಿ ಎದ್ದು ಕುಳಿತುಕೊಳ್ಳಲಾಗದ ಸ್ಥಿತಿ. ಆರೋಗ್ಯವಂತ ಕಪ್ಪೆಯು ಮಗುಚಿದೊಡನೆ ನೆಟ್ಟಗಾಗುತ್ತದೆ. ಆದರೆ ಪರೀಕ್ಷೆಯ ನೆಪದಲ್ಲಿ ಅದನ್ನು ಪದೇ ಪದೇ ಮಗುಚುವುದು ಸರಿಯಲ್ಲ.

ಮೊದಲ ಅರ್ಧ ಗಂಟೆ

ಗಾಯಗೊಂಡ ಕಪ್ಪೆಗೆ ಒದಗುವ ಮೊದಲ ಅಪಾಯಗಳು ಒಣಗುವಿಕೆ, ಬಿಸಿಲು, ಕಾಗೆ ಮತ್ತು ಬೆಕ್ಕು. ಆದುದರಿಂದ ಮೊದಲು ಅದನ್ನು ಸುರಕ್ಷಿತವಾಗಿ ಎತ್ತಬೇಕು. ಕೈಗಳನ್ನು ಸ್ವಚ್ಛ ನೀರಿನಲ್ಲಿ ಚೆನ್ನಾಗಿ ತೊಳೆದು ಸಾಬೂನಿನ ಅಂಶ ಉಳಿಯದಂತೆ ನೋಡಿಕೊಳ್ಳಬೇಕು, ಒದ್ದೆ ಕೈಗಳಿಂದಲೇ ಮುಟ್ಟಬೇಕು. ಪುಡಿ ಲೇಪಿಸಿರದ ಕೈಚೀಲಗಳಿದ್ದರೆ ಅವನ್ನು ನೀರಿನಲ್ಲಿ ತೊಳೆದು ತೊಡುವುದು ಇನ್ನೂ ಉತ್ತಮ. ಎರಡೂ ಅಂಗೈಗಳನ್ನು ಬೊಗಸೆಯಾಗಿಸಿ ಕೆಳಗಿನಿಂದ ಎತ್ತಬೇಕು. ಕಾಲು ಹಿಡಿದು ಎತ್ತಕೂಡದು. ಕೈಯಿಂದ ಮುಟ್ಟಲು ಅಂಜುವವರು ಒದ್ದೆ ಬಟ್ಟೆಯನ್ನೋ ಅಗಲವಾದ ಹಸಿ ಎಲೆಯನ್ನೋ ಬಳಸಬಹುದು.

ಎತ್ತಿದ ಕಪ್ಪೆಯನ್ನು ಇರಿಸಲು ಮುಚ್ಚಳವಿರುವ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿ ಸಾಕು. ಗಾಳಿಯಾಡಲು ಕೆಲವು ರಂಧ್ರಗಳಿರಲಿ. ರಂಧ್ರಗಳನ್ನು ಕಪ್ಪೆಯನ್ನು ಒಳಗಿಡುವ ಮೊದಲೇ ಮಾಡಬೇಕು. ತಳದಲ್ಲಿ ನೀರಿನಲ್ಲಿ ಅದ್ದಿ ಹಿಂಡಿದ ಬಿಳಿಯ ಹತ್ತಿಬಟ್ಟೆಯನ್ನು ಹಾಸಬೇಕು. ಸಾಬೂನುಪುಡಿಯ ವಾಸನೆ ಉಳಿದಿರುವ ಬಟ್ಟೆ, ಬಣ್ಣ ಬಿಡುವ ಬಟ್ಟೆ, ಸುಗಂಧ ಸೇರಿಸಿದ ಕಾಗದದ ಕರವಸ್ತ್ರಗಳು ಬೇಡ. ಅಡಗಿಕೊಳ್ಳಲು ಒಂದೆರಡು ಹಸಿ ಎಲೆಗಳಿದ್ದರೆ ಒಳ್ಳೆಯದು. ಡಬ್ಬಿಯನ್ನು ಮನೆಯ ತಂಪಾದ, ಕತ್ತಲೆಯ, ಸದ್ದಿಲ್ಲದ ಮೂಲೆಯಲ್ಲಿಡಬೇಕು. ಫ್ಯಾನಿನ ಗಾಳಿ ಮತ್ತು ಹವಾನಿಯಂತ್ರಣ ಯಂತ್ರದ ಗಾಳಿ ಚರ್ಮವನ್ನು ಬೇಗ ಒಣಗಿಸುತ್ತವೆ. ಬಿಸಿಲಿನಲ್ಲಿಟ್ಟ ಮುಚ್ಚಿದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಕುಲುಮೆಯಂತಾಗುತ್ತದೆ.

ಬಳಸುವ ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ನಗರಗಳ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮಳೆನೀರು ಅಥವಾ ಶುದ್ಧವಾದ ಬಾವಿ ನೀರು ಸಿಕ್ಕಿದರೆ ಉತ್ತಮ. ಇಲ್ಲವಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಬೇಕು. ಮಳೆಗಾಲದಲ್ಲಿ ತೋಟದ ಕೆಲಸ ಮಾಡುವ ಮನೆಗಳಲ್ಲಿ ಇಂಥ ನೀರು ಒಂದು ಬಕೆಟ್ಟಿನಷ್ಟು ಸದಾ ಸಿದ್ಧವಾಗಿದ್ದರೆ ಅನುಕೂಲ. ತುರ್ತಿನಲ್ಲಿ ಬೇರೆ ನೀರು ಇಲ್ಲದಿದ್ದಾಗ, ಒಣಗಿ ಸಾಯಲು ಬಿಡುವುದಕ್ಕಿಂತ ನಲ್ಲಿ ನೀರನ್ನು ಬಳಸುವುದೇ ಲೇಸು.

ಕಪ್ಪೆ ಎಂದೊಡನೆ ನೀರಿನಲ್ಲಿ ಬಿಡಬೇಕೆಂದು ತೋರುವುದು ಸಹಜ. ಆದರೆ ಶ್ವಾಸಕೋಶದಿಂದ ಉಸಿರಾಡುವ ಈ ಪ್ರಾಣಿಯು ನಿತ್ರಾಣವಾಗಿರುವಾಗ ಆಳವಾದ ನೀರಿನಲ್ಲಿ ಮುಳುಗಿ ಸಾಯಬಹುದು. ತೇವದ ಬಟ್ಟೆಯ ಹಾಸಿಗೆಯೇ ಸಾಕು. ತೀರ ಒಣಗಿರುವ ಕಪ್ಪೆಗೆ ಮಾತ್ರ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ನೀರು ಹಾಕಿ, ಮೂಗಿನ ಹೊಳ್ಳೆಗಳು ಮೇಲಿರುವಂತೆ ಕೂರಿಸಬಹುದು. ಅದು ಹೊಟ್ಟೆಯ ಚರ್ಮದಿಂದ ತನಗೆ ಬೇಕಾದಷ್ಟು ನೀರನ್ನು ಹೀರಿಕೊಳ್ಳುತ್ತದೆ.

ಮಾಡಬಾರದ ಉಪಚಾರಗಳು

ಗಾಯಕ್ಕೆ ಅರಿಶಿನ, ಉಪ್ಪು, ಸುಣ್ಣ, ಕೊಬ್ಬರಿ ಎಣ್ಣೆ, ಕಾಫಿಪುಡಿ ಮುಂತಾದ ಮನೆಮದ್ದುಗಳನ್ನು ಹಚ್ಚಕೂಡದು. ಉಪ್ಪು ಕಪ್ಪೆಯ ದೇಹದ ನೀರನ್ನು ಹೊರಗೆಳೆಯುತ್ತದೆ. ಎಣ್ಣೆಯು ಉಸಿರಾಡುವ ಚರ್ಮವನ್ನು ಮುಚ್ಚಿಬಿಡುತ್ತದೆ. ನೆಲ ಒರೆಸಲು ಅಥವಾ ಗಾಯ ತೊಳೆಯಲು ಮನೆಗಳಲ್ಲಿ ಬಳಸುವ ನಂಜುನಿರೋಧಕ ದ್ರಾವಣಗಳು, ಟಿಂಚರ್, ಮದ್ಯಸಾರ ಇವೆಲ್ಲವೂ ಅದಕ್ಕೆ ವಿಷಪ್ರಾಯ. ನೋವು ಮರೆಸುವ ಮುಲಾಮುಗಳು ಮತ್ತಷ್ಟು ಅಪಾಯಕರ. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಬೆಂಜೊಕೇನ್ ಎಂಬ ಔಷಧವು ಕಪ್ಪೆಯ ಚರ್ಮದ ಮೂಲಕ ಒಳಹೊಕ್ಕು ಇಡೀ ದೇಹವನ್ನೇ ಮರಗಟ್ಟಿಸಿ ಉಸಿರು ನಿಲ್ಲಿಸಬಲ್ಲದು.

ಹಾಲು, ಅನ್ನ, ಬ್ರೆಡ್ಡುಗಳು ಕಪ್ಪೆಯ ಆಹಾರವಲ್ಲ. ಅದು ಚಲಿಸುವ ಜೀವಿಗಳನ್ನು ಮಾತ್ರ ಆಹಾರವೆಂದು ಗುರುತಿಸುತ್ತದೆ. ಬೆಳೆದ ಕಪ್ಪೆಯು ಹಲವು ದಿನ ಉಪವಾಸವಿರಬಲ್ಲದಾದ್ದರಿಂದ ಮೊದಲ ದಿನಗಳಲ್ಲಿ ಆಹಾರದ ಚಿಂತೆಯೇ ಬೇಡ. ವೈದ್ಯರ ಸಲಹೆಯಂತೆ ಕೆಲವು ದಿನ ಇಟ್ಟುಕೊಳ್ಳಬೇಕಾಗಿ ಬಂದರೆ ಎರೆಹುಳು ಅಥವಾ ಜೀವಂತ ಕೀಟಗಳನ್ನು ಡಬ್ಬಿಯಲ್ಲಿ ಬಿಡಬಹುದು. ಔಷಧ ಸಿಂಪಡಿಸಿದ ಮನೆಯ ಜಿರಲೆಗಳನ್ನು ಕೊಡಬಾರದು. ಮುರಿದ ಕಾಲಿಗೆ ಕಡ್ಡಿ ಕಟ್ಟುವುದು, ಗಾಯಕ್ಕೆ ಅಂಟುಪಟ್ಟಿ ಹಾಕುವುದು, ಮಕ್ಕಳಿಗೆ ತೋರಿಸಲು ಮತ್ತೆ ಮತ್ತೆ ಮುಚ್ಚಳ ತೆರೆಯುವುದು ಇವೆಲ್ಲವೂ ವರ್ಜ್ಯ.

ಗಾಯಕ್ಕೆ ತಕ್ಕ ಕ್ರಮ

ಎಲ್ಲ ಗಾಯಗಳೂ ಒಂದೇ ಬಗೆಯವಲ್ಲ. ಕಪ್ಪೆಗಳ ಸಣ್ಣಪುಟ್ಟ ತರಚುಗಾಯಗಳು ತೇವವೂ ತಂಪೂ ಇದ್ದರೆ ತಾವಾಗಿಯೇ ಮಾಯುತ್ತವೆ. ಇಂಥ ಕಪ್ಪೆಯನ್ನು ಕೆಲವು ಗಂಟೆಗಳ ಕಾಲ ಡಬ್ಬಿಯಲ್ಲಿ ವಿಶ್ರಮಿಸಲು ಬಿಟ್ಟು, ಚುರುಕಾಗಿ ಕುಳಿತಿದ್ದರೆ ಸಂಜೆ ಸಿಕ್ಕಿದ ಸ್ಥಳದ ಬಳಿಯ ಪೊದೆಯಲ್ಲಿ ಬಿಡಬಹುದು.

ಬೆಕ್ಕು ಕಚ್ಚಿದ ಗಾಯ ಹೊರನೋಟಕ್ಕೆ ಸೂಜಿಮೊನೆಯಷ್ಟೇ ಇರಬಹುದು. ಆದರೆ ಬೆಕ್ಕಿನ ಹಲ್ಲಿನ ಮೂಲಕ ರೋಗಾಣುಗಳು ಆಳಕ್ಕೆ ಇಳಿದಿರುತ್ತವೆ. ಅದನ್ನು ಪಶುವೈದ್ಯರಿಗೆ ತೋರಿಸುವುದು ಅವಶ್ಯ. ಹುಲ್ಲು ಕತ್ತರಿಸುವ ಯಂತ್ರ ಅಥವಾ ಗುದ್ದಲಿಯಿಂದಾದ ಆಳವಾದ ಗಾಯ, ಮೂಳೆ ಮುರಿತ, ಹುಳುಬಿದ್ದ ಗಾಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಳ ಅಂಗ ಹೊರಬಂದಿದ್ದರೆ ಅದನ್ನು ಒಳನೂಕಲು ಯತ್ನಿಸದೆ, ಒದ್ದೆ ಬಟ್ಟೆ ಒಣಗದಂತೆ ನೋಡಿಕೊಂಡು ತಡಮಾಡದೆ ಸಾಗಿಸಬೇಕು.

ಫಿನಾಯಿಲ್, ಬ್ಲೀಚಿಂಗ್ ಪುಡಿ, ಕೀಟನಾಶಕ, ಬಣ್ಣ ಅಥವಾ ಉಪ್ಪು ಮೈಗೆ ತಾಗಿದ್ದರೆ ಕ್ಷಣವೂ ಕಾಯಬಾರದು. ಕಪ್ಪೆಯ ಮೇಲೆ ಸಣ್ಣಗೆ ನೀರು ಹರಿಸಿ, ಹರಿದ ನೀರು ಮತ್ತೆ ಅದರ ಮೈಗೆ ತಾಗದಂತೆ, ಅನೇಕ ಸಲ ತೊಳೆಯಬೇಕು. ಈ ಸಂದರ್ಭದಲ್ಲಿ ಕ್ಲೋರಿನ್ ಕಳೆದ ನೀರಿಗಾಗಿ ಹುಡುಕುತ್ತ ಕಾಲ ಕಳೆಯುವುದು ತರವಲ್ಲ. ಅನಂತರ ವೈದ್ಯರಲ್ಲಿಗೆ ಒಯ್ಯುವಾಗ ಯಾವ ವಸ್ತು ತಾಗಿತ್ತೆಂಬುದನ್ನು ತಿಳಿಸಲು ಅದರ ಡಬ್ಬಿಯ ಮೇಲಿನ ಹೆಸರನ್ನು ಬರೆದುಕೊಂಡಿರಬೇಕು.

ಇಲಿ ಹಿಡಿಯುವ ಅಂಟುಹಲಗೆಗೆ ಸಿಕ್ಕಿಬಿದ್ದ ಕಪ್ಪೆಯನ್ನು ಎಳೆದರೆ ಚರ್ಮ ಕಿತ್ತುಬರುತ್ತದೆ. ಸುತ್ತಲಿನ ಬರಿಯ ಅಂಟನ್ನು ಕಾಗದದ ಚೂರುಗಳಿಂದ ಮುಚ್ಚಿ, ಕಪ್ಪೆಯ ಮೇಲೆ ನೀರು ಚಿಮುಕಿಸಿ, ಹಲಗೆಯೊಡನೆಯೇ ವೈದ್ಯರಲ್ಲಿಗೆ ಕೊಂಡೊಯ್ಯಬೇಕು. ತೋಟದ ಬಲೆಗೋ ದಾರಕ್ಕೋ ಸುತ್ತಿಕೊಂಡಿದ್ದರೆ ಸಣ್ಣ ಕತ್ತರಿಯಿಂದ ದಾರವನ್ನು ಕತ್ತರಿಸಬಹುದು. ದಾರವು ಮಾಂಸದೊಳಗೆ ಇಳಿದಿದ್ದರೆ ಆ ಭಾಗವನ್ನು ಮುಟ್ಟದೆ ಬಿಡಬೇಕು.

ಬೆಳೆದ ಕಪ್ಪೆಯ ಕಾಲು ಹೋದರೆ ಮತ್ತೆ ಚಿಗುರುವುದಿಲ್ಲ. ಆದರೂ ಹಳೆಯ ಗಾಯ ಮಾಗಿ, ಒಂದು ಕಾಲು ಅಥವಾ ಒಂದು ಕಣ್ಣು ಇಲ್ಲದೆಯೂ ಚೆನ್ನಾಗಿ ಬದುಕುತ್ತಿರುವ ಕಪ್ಪೆಗಳು ಕಾಣಸಿಗುತ್ತವೆ. ಅಂಥವನ್ನು ಕರುಣೆಯಿಂದ ಸೆರೆಹಿಡಿಯುವುದು ಬೇಡ.

ಉಳಿಸಲಾಗದ ಸ್ಥಿತಿಯಲ್ಲಿರುವ ಕಪ್ಪೆಯ ಪ್ರಶ್ನೆ ಕಠಿಣವಾದುದು. ನೋವಿನಿಂದ ಬಿಡುಗಡೆ ಕೊಡುವೆವೆಂದು ಅದನ್ನು ಶೀತಪೆಟ್ಟಿಗೆಯಲ್ಲಿಟ್ಟು ಹೆಪ್ಪುಗಟ್ಟಿಸುವುದು, ಉಪ್ಪು ಸುರಿಯುವುದು, ನೀರಿನಲ್ಲಿ ಮುಳುಗಿಸುವುದು ಕ್ರೂರವೇ ಹೊರತು ದಯೆಯಲ್ಲ. ಪಶುವೈದ್ಯರ ಬಳಿ ಅರಿವಳಿಕೆಯ ಮೂಲಕ ನೋವಿಲ್ಲದ ಅಂತ್ಯ ಕೊಡುವ ವಿಧಾನಗಳಿವೆ. ಆ ನಿರ್ಧಾರವನ್ನು ಅವರಿಗೇ ಬಿಡಬೇಕು. ಅವರು ಸಿಗುವವರೆಗೆ ಕತ್ತಲೆ, ತಂಪು ಮತ್ತು ನೆಮ್ಮದಿಯನ್ನು ಒದಗಿಸುವುದೇ ಮನುಷ್ಯನಿಂದ ಸಾಧ್ಯವಾದ ಸೇವೆ.

ತಜ್ಞರ ನೆರವು

ಎಲ್ಲ ಪಶುವೈದ್ಯರಿಗೂ ಉಭಯವಾಸಿಗಳ ಚಿಕಿತ್ಸೆಯಲ್ಲಿ ಅನುಭವವಿರುವುದಿಲ್ಲ. ಆದುದರಿಂದ ಹೊರಡುವ ಮೊದಲು ದೂರವಾಣಿಯಲ್ಲಿ ವಿಚಾರಿಸುವುದು ಒಳಿತು. ಮುಂಬಯಿಯ ಪರೇಲ್, ಚೆನ್ನೈಯ ವೇಪೇರಿ ಮತ್ತು ಹೈದರಾಬಾದಿನ ರಾಜೇಂದ್ರನಗರಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ. ಇತರ ನಗರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ, ರಾಜ್ಯದ ಅರಣ್ಯ ಇಲಾಖೆಯ ಕಚೇರಿ ಅಥವಾ ಸ್ಥಳೀಯ ಪ್ರಾಣಿದಯಾ ಸಂಘದಿಂದ ಮಾಹಿತಿ ಪಡೆಯಬಹುದು. ಉರಗರಕ್ಷಕರಿಗೂ ಇಂಥ ವೈದ್ಯರ ಪರಿಚಯವಿರುತ್ತದೆ.

ಪರಭಾಷೆಯ ಊರಿನಲ್ಲಿ ವಿಷಯ ತಿಳಿಸುವುದು ಕನ್ನಡಿಗರಿಗೆ ಕಷ್ಟವಾಗಬೇಕಿಲ್ಲ. ಕಪ್ಪೆಗೆ ಮರಾಠಿಯಲ್ಲಿ ಬೇಡೂಕ, ಹಿಂದಿಯಲ್ಲಿ ಮೇಂಢಕ್, ತಮಿಳಿನಲ್ಲಿ ತವಳೈ ಎನ್ನುತ್ತಾರೆ. ತಮಿಳರು ನೆಲಗಪ್ಪೆಯನ್ನು ತೇರೈ ಎಂದು ಬೇರೆಯಾಗಿ ಕರೆಯುತ್ತಾರೆ. ತೆಲುಗಿನವರಿಗೆ ಕಪ್ಪ ಎಂದರೆ ಸಾಕು. ಗಾಯ ಯಾವುದರಿಂದ ಆಯಿತು, ಎಷ್ಟು ಹೊತ್ತಾಯಿತು, ಏನಾದರೂ ಹಚ್ಚಲಾಗಿದೆಯೇ ಎಂಬ ಮೂರು ಸಂಗತಿಗಳನ್ನು ತಪ್ಪದೆ ತಿಳಿಸಬೇಕು.

ಮರಳಿ ತನ್ನ ನೆಲೆಗೆ

ಚೇತರಿಸಿಕೊಂಡ ಕಪ್ಪೆಯನ್ನು ಎಲ್ಲಿ ಸಿಕ್ಕಿತೋ ಅಲ್ಲಿಯೇ, ಸೂರ್ಯಾಸ್ತದ ಅನಂತರ, ಸಾಧ್ಯವಾದರೆ ಮಳೆ ಬಂದ ದಿನ ಬಿಡಬೇಕು. ಊರಾಚೆಯ ಸುಂದರವಾದ ಕೆರೆಯೊಂದರಲ್ಲಿ ಬಿಟ್ಟರೆ ಅದು ಸುಖವಾಗಿರುವುದೆಂಬ ಭಾವನೆ ತಪ್ಪು. ಕಪ್ಪೆಗೆ ತನ್ನ ಅಡಗುತಾಣ, ಬೇಟೆಯ ಜಾಗ, ಮೊಟ್ಟೆಯಿಡುವ ನೀರು ಇವುಗಳ ಪರಿಚಯವಿರುತ್ತದೆ. ಹೊಸ ಜಾಗದಲ್ಲಿ ಅದು ದಿಕ್ಕುಗೆಡುತ್ತದೆ.

ಇನ್ನೂ ಗಂಭೀರವಾದ ಕಾರಣವೊಂದಿದೆ. ಉಭಯವಾಸಿಗಳ ಚರ್ಮವನ್ನು ಆಕ್ರಮಿಸಿ ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರವನ್ನು ವಿಜ್ಞಾನಿಗಳು 1998ರಲ್ಲಿ ವಿವರಿಸಿದರು. ಮಧ್ಯ ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಅನೇಕ ಬಗೆಯ ಕಪ್ಪೆಗಳ ನಾಶಕ್ಕೆ ಅದು ಕಾರಣವಾಗಿದೆ. ಭಾರತದ ಪಶ್ಚಿಮ ಘಟ್ಟಗಳಲ್ಲಿಯೂ ಅದರ ಇರುವಿಕೆ ಪತ್ತೆಯಾಗಿದೆ. ನೋಡಲು ಆರೋಗ್ಯವಾಗಿರುವ ಕಪ್ಪೆಯೂ ಸೋಂಕನ್ನು ಹೊತ್ತೊಯ್ಯಬಲ್ಲದು. ಒಂದು ಕಪ್ಪೆಯನ್ನು ಬೇರೆಡೆ ಬಿಡುವುದರಿಂದ ಅಲ್ಲಿನ ನೂರಾರು ಕಪ್ಪೆಗಳಿಗೆ ಕುತ್ತು ಒದಗಬಹುದು. ಇದೇ ಕಾರಣಕ್ಕಾಗಿ ಎರಡು ಕಪ್ಪೆಗಳನ್ನು ಒಂದೇ ಡಬ್ಬಿಯಲ್ಲಿ ಇಡಬಾರದು. ಬಳಸಿದ ಡಬ್ಬಿಯನ್ನು ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಸಿಕ್ಕಿದ ಸ್ಥಳದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಅದೇ ಆವರಣದ ಬೇರೊಂದು ತೇವದ ಮೂಲೆಯನ್ನು ಆರಿಸಬಹುದು.

ಮನೆಯವರ ಆರೋಗ್ಯ

ಕಪ್ಪೆಯನ್ನು ಮುಟ್ಟುವ ಮೊದಲು ಸಾಬೂನು ಬೇಡ. ಮುಟ್ಟಿದ ಮೇಲೆ ಸಾಬೂನು ಬೇಕೇ ಬೇಕು. ಕಪ್ಪೆಗಳ ಮೈಮೇಲೆ ಮನುಷ್ಯನಿಗೆ ಹೊಟ್ಟೆಯ ಬೇನೆ ತರುವ ಸಾಲ್ಮೊನೆಲ್ಲ ರೋಗಾಣುಗಳು ಇರಬಹುದು. ಬಳಸಿದ ತಟ್ಟೆ, ಡಬ್ಬಿಗಳನ್ನು ಅಡಿಗೆಮನೆಯಿಂದ ದೂರವಿಡಬೇಕು. ಚಿಕ್ಕ ಮಕ್ಕಳು ಹಿರಿಯರ ಮೇಲ್ವಿಚಾರಣೆಯಿಲ್ಲದೆ ಮುಟ್ಟದಂತೆ ನೋಡಿಕೊಳ್ಳಬೇಕು. ಸಾಕುನಾಯಿಯು ನೆಲಗಪ್ಪೆಯನ್ನು ಬಾಯಲ್ಲಿ ಕಚ್ಚಿದರೆ ನೊರೆಜೊಲ್ಲು ಸುರಿಸುತ್ತದೆ. ಆಗ ನಾಯಿಯ ತಲೆಯನ್ನು ಕೆಳಕ್ಕೆ ಬಾಗಿಸಿ, ನೀರು ಗಂಟಲಿಗೆ ಇಳಿಯದೆ ಹೊರಗೆ ಹರಿಯುವಂತೆ ಬಾಯಿ ತೊಳೆಸಿ, ಒಸಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ವೈದ್ಯರನ್ನು ಕಾಣಬೇಕು.

ಪೆಟ್ಟಾಗದಂತೆ ತಡೆಯುವುದು

ಗಾಯವಾದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಗಾಯವಾಗದಂತೆ ನೋಡಿಕೊಳ್ಳುವುದು ಸುಲಭ. ಹುಲ್ಲು ಕತ್ತರಿಸುವ ಮೊದಲು ಒಬ್ಬರು ಕೋಲಿನಿಂದ ಹುಲ್ಲನ್ನು ಮೆಲ್ಲನೆ ಅಲುಗಿಸುತ್ತ ನಡೆದರೆ ಕಪ್ಪೆಗಳು ಸರಿದುಹೋಗಲು ಅವಕಾಶವಾಗುತ್ತದೆ. ಹುಲ್ಲು ತೇವವಾಗಿರುವ ಬೆಳಗಿನ ಹೊತ್ತಿಗಿಂತ ಒಣಗಿದ ಮಧ್ಯಾಹ್ನದ ಹೊತ್ತು ಈ ಕೆಲಸಕ್ಕೆ ಮೇಲು. ಒಣ ಎಲೆಗಳ ರಾಶಿಗೆ ಬೆಂಕಿಯಿಡುವುದು ಅದರಡಿಯ ಜೀವಿಗಳಿಗೆ ಮಾರಕ. ಅದನ್ನು ಗೊಬ್ಬರವಾಗಿಸುವುದು ಲೇಸು. ನೀರಿನ ಸಂಪು, ಮೀಟರಿನ ಗುಂಡಿ, ಚರಂಡಿಗಳಿಗೆ ಸರಿಯಾದ ಮುಚ್ಚಳವಿರಬೇಕು. ತೆರೆದೇ ಇರಬೇಕಾದ ತೊಟ್ಟಿಗಳಲ್ಲಿ ಒಂದು ಒರಟಾದ ಹಲಗೆಯನ್ನು ಓರೆಯಾಗಿ ನಿಲ್ಲಿಸಿದರೆ ಒಳಗೆ ಬಿದ್ದ ಕಪ್ಪೆಯು ಹತ್ತಿಬರುತ್ತದೆ. ಮಳೆಯ ರಾತ್ರಿಗಳಲ್ಲಿ ಆವರಣದೊಳಗೆ ವಾಹನಗಳನ್ನು ನಿಧಾನವಾಗಿ ನಡೆಸಬೇಕು. ತೋಟದ ಒಂದು ಮೂಲೆಯಲ್ಲಿ ಒಡೆದ ಮಣ್ಣಿನ ಕುಂಡವೊಂದನ್ನು ಬೋರಲಿಟ್ಟು ಸುತ್ತ ನೀರು ಚಿಮುಕಿಸುತ್ತಿದ್ದರೆ ಅದೇ ಅವುಗಳಿಗೆ ಮನೆ.

ಒಂದು ಕಪ್ಪೆಯ ಬೆಲೆ

ಇಷ್ಟೆಲ್ಲ ಶ್ರಮ ಒಂದು ಕಪ್ಪೆಗಾಗಿಯೇ ಎಂಬ ಪ್ರಶ್ನೆ ಏಳಬಹುದು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಂತೆ ವಿಶ್ವದ ಉಭಯವಾಸಿ ಪ್ರಭೇದಗಳಲ್ಲಿ ಸುಮಾರು 41 ಪ್ರತಿಶತ ಅಳಿವಿನ ಅಪಾಯದಲ್ಲಿವೆ. ಹಕ್ಕಿಗಳಿಗಿಂತಲೂ ಸಸ್ತನಿಗಳಿಗಿಂತಲೂ ಇದು ಹೆಚ್ಚಿನ ಪ್ರಮಾಣ. ಒಂದು ಕಾಲದಲ್ಲಿ ಭಾರತವು ಕಪ್ಪೆಯ ಕಾಲುಗಳನ್ನು ವಿದೇಶಗಳಿಗೆ ಸಾವಿರಾರು ಟನ್ನುಗಳಲ್ಲಿ ರಫ್ತು ಮಾಡುತ್ತಿತ್ತು. ಗದ್ದೆಗಳ ಕೀಟಗಳನ್ನು ತಿನ್ನುವ ಕಪ್ಪೆಗಳು ಇಲ್ಲವಾಗುತ್ತಿರುವುದನ್ನು ಕಂಡು ಸರ್ಕಾರವು 1987ರಲ್ಲಿ ಈ ರಫ್ತನ್ನು ನಿಷೇಧಿಸಿತು. ಕಪ್ಪೆಗಳು ಕೀಟಗಳನ್ನು ತಿನ್ನುತ್ತವೆ. ಹಾವುಗಳಿಗೂ ಬಕಪಕ್ಷಿಗಳಿಗೂ ತಾವು ಆಹಾರವಾಗುತ್ತವೆ. ಈ ಕೊಂಡಿ ಕಳಚಿದರೆ ಸರಪಳಿಯೇ ಸಡಿಲಾಗುತ್ತದೆ.

1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ ದೃಷ್ಟಿಯಲ್ಲಿ ಮನುಷ್ಯನನ್ನುಳಿದು ಪ್ರತಿಯೊಂದು ಜೀವಿಯೂ ಪ್ರಾಣಿಯೇ. ಕಪ್ಪೆಯೂ ಅದರಲ್ಲಿ ಸೇರಿದೆ. ಸಂವಿಧಾನದ 51ಎ ಅನುಚ್ಛೇದವು ವನ್ಯಜೀವಿಗಳನ್ನು ರಕ್ಷಿಸುವುದನ್ನೂ ಜೀವಿಗಳಲ್ಲಿ ದಯೆ ತೋರುವುದನ್ನೂ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ಈ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ಶೃಂಗೇರಿಯ ತುಂಗಾತೀರದಲ್ಲಿ, ಉರಿಬಿಸಿಲಿನಲ್ಲಿ ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಸರ್ಪವೊಂದು ಹೆಡೆಬಿಚ್ಚಿ ನೆರಳು ನೀಡಿತೆಂಬ ಐತಿಹ್ಯವನ್ನು ಕಪ್ಪೆ ಶಂಕರ ಎಂಬ ಶಿಲ್ಪ ಇಂದಿಗೂ ನೆನಪಿಸುತ್ತದೆ. ಆ ಕಥೆಯಲ್ಲಿ ಹಾವು ಕಪ್ಪೆಗೆ ಮದ್ದು ಹಚ್ಚಲಿಲ್ಲ, ಅನ್ನ ಉಣಿಸಲಿಲ್ಲ. ಅದಕ್ಕೆ ಬೇಕಾಗಿದ್ದ ನೆರಳನ್ನು ಮಾತ್ರ ನೀಡಿತು.

ಅಂಗಳದಲ್ಲಿ ಗಾಯಗೊಂಡ ಕಪ್ಪೆಯನ್ನು ಕಂಡವರು ಮಾಡಬೇಕಾದುದೂ ಇಷ್ಟೇ: ಒದ್ದೆ ಕೈಯಿಂದ ಎತ್ತುವುದು, ತೇವವನ್ನೂ ತಂಪನ್ನೂ ಕತ್ತಲೆಯನ್ನೂ ಒದಗಿಸುವುದು, ಏನನ್ನೂ ಹಚ್ಚದಿರುವುದು, ಅಗತ್ಯವಿದ್ದರೆ ವೈದ್ಯರಿಗೆ ತೋರಿಸುವುದು, ಚೇತರಿಸಿಕೊಂಡ ಮೇಲೆ ಅದರ ನೆಲೆಗೇ ಮರಳಿ ಬಿಡುವುದು.